ಅಮ್ಮೋನನ ಉಪ್ಪು

ತಾಮ್ರದ ಪಾತ್ರೆಗೆ ತವರದ ಕಲಾಯಿ ಹಾಕುವಾಗ ಏಳುವ ಬಿಳಿ ಹೊಗೆಯ ಘಾಟಿಗೆ ಈಜಿಪ್ಟಿನ ದೇವರೊಬ್ಬನ ಹೆಸರಿದೆ ಎಂದರೆ ಕಲಾಯಿಯವನು ನಕ್ಕಾನು. ಆದರೆ ಅಮೋನಿಯಾ ಎಂಬ ಹೆಸರು ಹುಟ್ಟಿದ್ದು ಅಮುನ್ ದೇವರಿಂದಲೇ.

ಈಜಿಪ್ಟಿನ ಮರುಭೂಮಿಯ ಸಿವಾ ಓಯಸಿಸ್‌ನಲ್ಲಿ ಅವನ ಗುಡಿಯಿತ್ತು, ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರನೂ ಕಣಿ ಕೇಳಲು ಅಲ್ಲಿಗೆ ಹೋಗಿದ್ದ. ಗ್ರೀಕರ ಬಾಯಲ್ಲಿ ಅಮುನ್ ಅಮ್ಮೋನ್ ಆದ. ಆ ಸೀಮೆಯಲ್ಲಿ ಸಿಗುತ್ತಿದ್ದ ಉಪ್ಪನ್ನು ರೋಮನ್ನರು ಅಮ್ಮೋನನ ಉಪ್ಪು ಎಂದರು. ತಮಾಷೆಯೆಂದರೆ, ರೋಮನ್ ಲೇಖಕ ಪ್ಲಿನಿ ವರ್ಣಿಸಿದ ಆ ಉಪ್ಪು ಬಹುಶಃ ಬರೀ ಕಲ್ಲುಪ್ಪು. ಅದರಲ್ಲಿ ಅಮೋನಿಯಾದ ಸುಳಿವೂ ಇಲ್ಲ! ಹೆಸರು ಮುಂದೆ ಕಲಾಯಿಯವರು ಬಳಸುವ ನವಸಾಗರಕ್ಕೆ, ಅಂದರೆ ಅಮೋನಿಯಂ ಕ್ಲೋರೈಡಿಗೆ, ಅಂಟಿಕೊಂಡಿತು. ಈಜಿಪ್ಟಿನವರು ಒಂಟೆ ಸಗಣಿ ಉರಿಸಿದ ಮಸಿಯನ್ನು ಗಾಜಿನ ಬುರುಡೆಯಲ್ಲಿ ಕಾಯಿಸಿ, ಮೇಲೆ ಕಟ್ಟಿದ ಬಿಳಿ ಹೆಪ್ಪನ್ನು ಯುರೋಪಿಗೆ ಮಾರುತ್ತಿದ್ದರು. ಅದರಿಂದ ಹೊರಡುವ ಅನಿಲಕ್ಕೆ 1782ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಗ್‌ಮನ್ ಅಮೋನಿಯಾ ಎಂದು ಹೆಸರಿಟ್ಟ.

ಕಲಾಯಿಗೆ ಕಲ್ಲುಪ್ಪು ಹಾಕಿದರೆ ಚಟಪಟ ಸಿಡಿದೀತು, ಅಷ್ಟೆ. ನವಸಾಗರದ ಕೆಲಸವೇ ಬೇರೆ. ಹುಣಸೆ, ಮರಳು ಹಾಕಿ ಜಿಡ್ಡು ಹೋಗುವಂತೆ ತಿಕ್ಕಿದ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ತವರದ ಕಡ್ಡಿ ಮುಟ್ಟಿಸುತ್ತಾರೆ. ತವರ ಕರಗುವುದು 232 ಡಿಗ್ರಿಗೆ. ಆಗ ಚಿಟಿಕೆ ನವಸಾಗರ ಉದುರಿಸಿ ಹತ್ತಿಯ ಉಂಡೆಯಿಂದ ಸರಸರ ಉಜ್ಜಬೇಕು. ಕಾವಿಗೆ ನವಸಾಗರ ಒಡೆದು ಅಮೋನಿಯಾ, ಹೈಡ್ರೋಕ್ಲೋರಿಕ್ ಆಮ್ಲ ಎರಡಾಗುತ್ತದೆ. ಆಮ್ಲ ತಾಮ್ರದ ಮೇಲಿನ ಆಕ್ಸೈಡ್ ಪದರವನ್ನು ತಿಂದುಹಾಕಿದರೆ ತವರ ಹಿಡಿಯುತ್ತದೆ. ಗಾಳಿಯಲ್ಲಿ ತಣಿದಾಗ ಎರಡೂ ಮತ್ತೆ ಕೂಡುತ್ತವೆ. ನಾವು ಹೊಗೆ ಎನ್ನುವುದು ಬಹುಪಾಲು ಪುಡಿಯಾದ ನವಸಾಗರವೇ. ಜಿಡ್ಡು ಉಳಿದಲ್ಲಿ ಕಪ್ಪು ಕಲೆ. ಕಾವು ಮೀರಿದರೆ ತವರ ತಾನೇ ಆಕ್ಸೈಡಾಗಿ ಮಂಕಾಗುತ್ತದೆ. ಇವೆರಡೂ ಕಣ್ಣಿಗೆ ಕಾಣುವ ದೋಷ. ಕಾಣದ ದೋಷ ತವರದಲ್ಲಿ ಬೆರೆತ ಸೀಸ. ಹುಳಿ ಬೇಯಿಸುವ ಪಾತ್ರೆಗೆ ಅದು ವಿಷ.

ಅಂದಹಾಗೆ, ನಮ್ಮ ನವಸಾಗರದಲ್ಲಿ ಒಂಬತ್ತೂ ಇಲ್ಲ, ಸಾಗರವೂ ಇಲ್ಲ. ಪಾರ್ಸಿಯ ನೌಶಾದರ್‌ನ ಬಂಧು ಅದು; ಕಿವಿಗೆ ಒಗ್ಗುವಂತೆ ನಾವು ಕಡಲು ಸೇರಿಸಿಕೊಂಡೆವು. ಗ್ರಂದಿಗೆ ಅಂಗಡಿಯಿಂದ ತಂದವರು ಗಾಜಿನ ಶೀಶೆಯಲ್ಲಿ ಬಿರಡೆ ಬಿಗಿದು ಇಡಬೇಕು. ಕಬ್ಬಿಣದ ಡಬ್ಬಿಯಾದರೆ ತೇವ ತಗಲಿದ ನವಸಾಗರ ಡಬ್ಬಿಯನ್ನೇ ತಿನ್ನುತ್ತದೆ.