ಹಳೇ ಆ್ಯಂಟಿವೈರಸ್ಸನ್ನು "ಇರಲಿ ಬಿಡು" ಅನ್ನಬೇಡಿ

ಕಳೆದ ಭಾನುವಾರ ಇಡೀ ದಿನ ಅಪ್ಪನ ಕಂಪ್ಯೂಟರ್ ಮುಂದೆ ಕೂತಿದ್ದೆ. 2 ಜಿಬಿ ರ‍್ಯಾಮ್, ಹಳೇ ತಿರುಗೋ ಹಾರ್ಡ್‌ಡಿಸ್ಕ್, ವಿಂಡೋಸ್ 7. ಬಟನ್ ಒತ್ತಿದ ಮೇಲೆ ಒಂದು ಫೋಲ್ಡರ್ ತೆರೆದುಕೊಳ್ಳೋಕೆ ಹನ್ನೊಂದು ನಿಮಿಷ ಹಿಡೀತು. ಅಷ್ಟು ಹೊತ್ತೂ ಸಿಪಿಯು ಮುಂದಿನ, ಡಿಸ್ಕ್ ಓಡುವಾಗ ಉರಿಯೋ ಕೆಂಪು ದೀಪ ಒಂದು ಸಲವೂ ಆರಲಿಲ್ಲ, ಒಳಗಿನ ಕಿರಕಿರ ಸದ್ದೂ ನಿಲ್ಲಲಿಲ್ಲ. ಗಡಿಯಾರದ ಪಕ್ಕದಲ್ಲಿ ಮೂರು ಐಕಾನ್. ಒಂದು, ವರ್ಷಗಳ ಹಿಂದೆ ದುಡ್ಡು ಕೊಟ್ಟು ಹಾಕಿಸಿದ್ದ ಆ್ಯಂಟಿವೈರಸ್. ಇನ್ನೊಂದು, ಪರಿಚಯದವರೊಬ್ಬರು ಹಾಕಿಕೊಟ್ಟ ಫ್ರೀ ಆ್ಯಂಟಿವೈರಸ್. ಮೂರನೆಯದು ಯಾವುದೋ ಸ್ಕ್ಯಾನರ್.

"ಒಂದಲ್ಲ, ಮೂರು ಇದೆಯಲ್ಲೋ, ಇನ್ನೇನು ಭಯ?" ಅಂದರು ಅಪ್ಪ.

ದುಡ್ಡು ಕೊಟ್ಟದ್ದನ್ನು ತೆರೆದು ನೋಡಿದೆ. ಮಧ್ಯದಲ್ಲಿ ದೊಡ್ಡ ಹಸಿರು ಟಿಕ್ ಮಾರ್ಕ್. ಕೆಳಗೆ ಮೂಲೆಯಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟದಲ್ಲಿ ಕಾಣುವಷ್ಟು ಸಣ್ಣ ಅಕ್ಷರದಲ್ಲಿ, ಕೊನೆಯ ಅಪ್‌ಡೇಟ್ ಆದ ದಿನಾಂಕ. ಅದಕ್ಕೆ ಐದು ವರ್ಷ ಕಳೆದಿತ್ತು. ಆ ಹಸಿರು ಬಣ್ಣವನ್ನು ನಂಬಿ ಅಪ್ಪ ಐದು ವರ್ಷ ಅದರಲ್ಲೇ ಲೆಕ್ಕಪತ್ರ ಬರೆದಿದ್ದಾರೆ, ಮೇಲ್ ನೋಡಿದ್ದಾರೆ, ಕಂಡವರ ಪೆನ್‌ಡ್ರೈವ್ ಹಾಕಿದ್ದಾರೆ. ನನಗೆ ನಿಜಕ್ಕೂ ಹೊಟ್ಟೆಯಲ್ಲಿ ಸಂಕಟ ಆಯಿತು.

"ಹಳೇದು ಇದ್ದರೆ ಏನು ತೊಂದರೆ, ಇರಲಿ ಬಿಡು, ಜೊತೆಗೆ ಇನ್ನೊಂದು ಹಾಕ್ಕೋ" ಅನ್ನೋ ಸಲಹೆ ಎಲ್ಲ ಕಡೆ ಕೇಳಿಸುತ್ತದೆ. ಕೊಡುವವರ ಮನಸ್ಸು ಒಳ್ಳೇದೇ. ಆದರೆ ಆ ಸಲಹೆ ತಪ್ಪು. ಆ್ಯಂಟಿವೈರಸ್ ಅನ್ನೋದು ಅಟ್ಟದ ಮೇಲಿನ ಹಳೇ ಪೆಟ್ಟಿಗೆಯ ಹಾಗೆ ಸುಮ್ಮನೆ ಬಿದ್ದಿರೋ ವಸ್ತು ಅಲ್ಲ.

ಅದು ಕೂತಿರುವ ಜಾಗ ನೋಡಿ. ನೀವು ಯಾವುದೇ ಫೈಲ್ ತೆರೆದರೂ ಅದರ ಡ್ರೈವರ್ (ವಿಂಡೋಸಿನ ಒಳಗೇ ಕೂತು ಕೆಲಸ ಮಾಡೋ ಭಾಗ) ನಡುವೆ ಬಂದು ತಡೆಯುತ್ತದೆ, ಫೈಲನ್ನು ಓದಿ ಪರೀಕ್ಷೆ ಮಾಡಿ ಆಮೇಲೆ ಬಿಡುತ್ತದೆ. ಸದಾ ಕಾಯೋ ಇಂಥವು ಎರಡಿದ್ದರೆ, ಮೊದಲನೆಯದು ಪರೀಕ್ಷೆಗೆ ಅಂತ ಫೈಲ್ ತೆರೆದದ್ದನ್ನೇ ಎರಡನೆಯದು ಹಿಡಿದು ನಿಲ್ಲಿಸಬಹುದು. ಒಂದು ಜಿಪ್ ಫೈಲನ್ನು ಒಂದು ಬಿಚ್ಚಿ ಟೆಂಪ್ ಅನ್ನೋ ತಾತ್ಕಾಲಿಕ ಫೋಲ್ಡರಿನಲ್ಲಿ ಹರಡಿದರೆ, ಅಲ್ಲಿ ಹುಟ್ಟಿದ ಪ್ರತಿಯೊಂದು ಚೂರನ್ನೂ ಇನ್ನೊಂದು ತಪಾಸಣೆ ಮಾಡುತ್ತದೆ. ಹೊಸ ಎಸ್‌ಎಸ್‌ಡಿ (ತಿರುಗೋ ಭಾಗವೇ ಇಲ್ಲದ ವೇಗದ ಡಿಸ್ಕ್) ಇದ್ದರೆ ಇದು ಗೊತ್ತಾಗದೇ ಹೋಗಬಹುದು. ಹಳೇ ಡಿಸ್ಕು ಚದುರಿಹೋದ ಫೈಲುಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಸಲ ಮಾತ್ರ ಹುಡುಕಿ ಓದಬಲ್ಲದು. ಮೇಲಿಂದ ಎರಡೂ ತಮ್ಮ ತಮ್ಮ ವೈರಸ್ ಪಟ್ಟಿಯನ್ನು ರ‍್ಯಾಮಿಗೆ ತುಂಬಿಕೊಂಡಿರುತ್ತವೆ. ರ‍್ಯಾಮ್ ಸಾಲದಾದಾಗ ವಿಂಡೋಸ್ ಅದೇ ಬಡಪಾಯಿ ಡಿಸ್ಕನ್ನೇ ರ‍್ಯಾಮ್ ಥರ ಬಳಸೋಕೆ ಶುರು ಮಾಡುತ್ತದೆ. ಅಪ್ಪನ ಕಂಪ್ಯೂಟರಿನ ಕೆಂಪು ದೀಪ ಆರದೇ ಇದ್ದದ್ದು ಇದಕ್ಕೇ. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸೋದಿಲ್ಲ.

ನಿಧಾನ ಆದರೆ ತಡೆದುಕೊಳ್ಳಬಹುದು ಅಂತಲೇ ಇಟ್ಟುಕೊಳ್ಳಿ. ನನಗೆ ಅದಕ್ಕಿಂತ ಹೆದರಿಕೆ ಹುಟ್ಟಿಸೋ ಸಂಗತಿ ಬೇರೆ ಇದೆ. ಆ್ಯಂಟಿವೈರಸ್ಸಿಗೆ ಕಂಪ್ಯೂಟರಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಅಧಿಕಾರ, ಎಲ್ಲಿಂದ ಬಂದ ಫೈಲನ್ನಾದರೂ ಮೊದಲು ಬಿಚ್ಚಿ ನೋಡುವುದೂ ಅದೇ. ಅದರಲ್ಲೇ ದೋಷ ಇದ್ದರೆ? 2017ರ ಮೇ ತಿಂಗಳಲ್ಲಿ ಗೂಗಲ್‌ನ ಸಾಫ್ಟ್‌ವೇರ್ ದೋಷ ಹುಡುಕೋ ಪ್ರಾಜೆಕ್ಟ್ ಝೀರೋ ತಂಡದ ಟ್ಯಾವಿಸ್ ಆರ್ಮಂಡಿ ಮತ್ತು ನ್ಯಾಟಲೀ ಸಿಲ್ವನೋವಿಚ್ ಮೈಕ್ರೋಸಾಫ್ಟಿನದೇ ಆ್ಯಂಟಿವೈರಸ್ ಆದ ಡಿಫೆಂಡರಿನ ಎಂಜಿನ್ನಿನಲ್ಲಿ ಅಂಥದ್ದೇ ಒಂದು ದೋಷ ಹುಡುಕಿದರು. ಫೈಲನ್ನು ನೀವು ತೆರೆಯೋದೇ ಬೇಡ, ಡಿಫೆಂಡರ್ ಅದನ್ನು ಸ್ಕ್ಯಾನ್ ಮಾಡಿದರೆ ಸಾಕು, ಕಂಪ್ಯೂಟರ್ ಬೇರೆಯವರ ಕೈಗೆ ಹೋಗಬಹುದಿತ್ತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಸರಿಪಡಿಸಿತು, ಆ ಎಂಜಿನ್ ತಾನಾಗೇ ಅಪ್‌ಡೇಟ್ ಆಗುವುದರಿಂದ ರಿಪೇರಿ ಎಲ್ಲರನ್ನೂ ಮುಟ್ಟಿತು. ಐದು ವರ್ಷದಿಂದ ಅಪ್‌ಡೇಟೇ ಕಾಣದ ಆ್ಯಂಟಿವೈರಸ್ಸಿನ ದೋಷವನ್ನು ಯಾರು ಸರಿಪಡಿಸುತ್ತಾರೆ, ಹೇಳಿ.

2018ರ ಜನವರಿಯಲ್ಲಿ ಇನ್ನೊಂದು ನಡೆಯಿತು. ಮೆಲ್ಟ್‌ಡೌನ್ ಅನ್ನೋ ಪ್ರೊಸೆಸರ್ ದೋಷಕ್ಕೆ ವಿಂಡೋಸ್ ಅಪ್‌ಡೇಟ್ ಬಂದಾಗ, ಕೆಲವು ಆ್ಯಂಟಿವೈರಸ್‌ಗಳು ವಿಂಡೋಸಿನ ತಿರುಳಾದ ಕರ್ನೆಲ್ಲಿನಲ್ಲಿ ಮಾಡಬಾರದ ರೀತಿಯಲ್ಲಿ ಕೈಯಾಡಿಸುತ್ತಿದ್ದದ್ದರಿಂದ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಅದಕ್ಕೆ ಮೈಕ್ರೋಸಾಫ್ಟ್ ಒಂದು ಷರತ್ತು ಹಾಕಿತು: "ನಾನು ಹೊಂದಿಕೊಳ್ಳುತ್ತೇನೆ" ಅಂತ ಆ್ಯಂಟಿವೈರಸ್ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಟ್ಟುಕೊಳ್ಳೋ ರಿಜಿಸ್ಟ್ರಿಯಲ್ಲಿ ಗುರುತು ಹಾಕಬೇಕು, ಇಲ್ಲದಿದ್ದರೆ ಸೆಕ್ಯುರಿಟಿ ಅಪ್‌ಡೇಟ್ ಬರೋದಿಲ್ಲ. ಅಪ್‌ಡೇಟ್ ನಿಂತುಹೋದ ಹಳೇ ಆ್ಯಂಟಿವೈರಸ್ ಆ ಗುರುತು ಎಲ್ಲಿಂದ ಹಾಕೀತು? ಕೆಲವು ತಿಂಗಳ ನಂತರ ಆ ಷರತ್ತು ತೆಗೆದರು ನಿಜ. ಆದರೆ ಅಷ್ಟು ದಿನ, ಕಾಪಾಡಬೇಕಾದ್ದೇ ಬಾಗಿಲಿಗೆ ಅಡ್ಡ ನಿಂತಿತ್ತು.

"ನಾನು ಟೆಸ್ಟ್ ಮಾಡಿದ್ದೀನಿ, ಹಳೇದು ಇನ್ನೂ ಹಿಡಿಯುತ್ತೆ" ಅಂತ ಪರಿಚಯದವರು ವಾದ ಮಾಡಿದರು. ಅವರು ಬಳಸಿದ್ದು ಐಕಾರ್ ಅನ್ನೋ ಪರೀಕ್ಷಾ ಫೈಲ್. 68 ಅಕ್ಷರಗಳ ಒಂದು ಸಾಲು, ಯಾವ ಅಪಾಯವೂ ಇಲ್ಲ, ಎಲ್ಲ ಆ್ಯಂಟಿವೈರಸ್‌ಗಳೂ ಅದನ್ನು ಹಿಡಿಯಬೇಕು ಅಂತ ಒಪ್ಪಂದ. ಅದನ್ನು ಹಿಡಿದರೆ ಆ್ಯಂಟಿವೈರಸ್ ಎಚ್ಚರವಾಗಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಈ ವರ್ಷದ ವೈರಸ್ಸಿನ ಪರಿಚಯ ಅದಕ್ಕೆ ಇದೆಯೋ ಇಲ್ಲವೋ ಅನ್ನೋದನ್ನು ಆ ಪರೀಕ್ಷೆ ಹೇಳೋದಿಲ್ಲ.

ಹಾಗಂತ ಎರಡನೇ ಸ್ಕ್ಯಾನರ್ ಬೇಡವೇ ಬೇಡ ಅಂತಲ್ಲ. ಒಂದರ ಕಣ್ಣಿಗೆ ಬೀಳದ್ದು ಇನ್ನೊಂದರ ಕಣ್ಣಿಗೆ ಬೀಳುತ್ತದೆ, ನಾನೇ ಎಷ್ಟೋ ಸಲ ನೋಡಿದ್ದೇನೆ. ಸದಾ ಕಾಯೋದು ಒಂದೇ ಇರಲಿ, ಮಿಕ್ಕದ್ದು ಕರೆದಾಗ ಬಂದು ಕೆಲಸ ಮುಗಿಸಿ ಹೋಗುವಂಥದ್ದಾಗಿರಲಿ. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಹಾಗೇ ಇದೆ: ಇನ್‌ಸ್ಟಾಲ್ ಆಗೋದಿಲ್ಲ, ಡೌನ್‌ಲೋಡ್ ಮಾಡಿ ಹತ್ತು ದಿನ ಆದಮೇಲೆ ಕೆಲಸಕ್ಕೆ ಬರೋದಿಲ್ಲ, ಹೊಸದು ಇಳಿಸಿಕೊಳ್ಳಬೇಕು. ಹಳಸಿದ್ದನ್ನು ನಂಬಬೇಡ ಅಂತ ಅದೇ ಹೇಳುತ್ತದೆ, ನನಗೆ ತುಂಬ ಮೆಚ್ಚುಗೆಯಾದ ಗುಣ ಇದು. ಮಾಲ್‌ವೇರ್‌ಬೈಟ್ಸ್ ಫ್ರೀ ಕೂಡ ಕರೆದಾಗ ಬರುವಂಥದ್ದೇ. ಆದರೆ ಟ್ರಯಲ್ ಶುರುವಾದರೆ ಅದರ 14 ದಿನವೂ ಸದಾ ಕಾಯೋ ಕೆಲಸ ಮಾಡುತ್ತಿರುತ್ತದೆ, ಅದನ್ನು ಗಮನಿಸಿ ಆಫ್ ಮಾಡಬೇಕು.

ಇಷ್ಟೆಲ್ಲ ಮಾಡಿದರೂ ವಿಂಡೋಸೇ ಹಳೇದಾಗಿದ್ದರೆ ಅದರ ಬಿರುಕನ್ನು ಯಾವ ಸ್ಕ್ಯಾನರೂ ಮುಚ್ಚೋದಿಲ್ಲ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ 2017ರ ವಾನಾಕ್ರೈ ಯಾರೂ ಯಾವ ಫೈಲನ್ನೂ ತೆರೆಯದಿದ್ದರೂ ನೆಟ್‌ವರ್ಕಿನ ಮೂಲಕ ಒಂದರಿಂದ ಒಂದಕ್ಕೆ ಹಬ್ಬಿತು. ಅದನ್ನು ತಡೆಯೋ ಪ್ಯಾಚ್ (ದೋಷ ಮುಚ್ಚೋ ಅಪ್‌ಡೇಟ್) ಎರಡು ತಿಂಗಳ ಮೊದಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ.

ಭಾನುವಾರ ಮೊದಲು ಅಪ್ಪನ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ತೆಗೆದಿಟ್ಟೆ. ಆಮೇಲೆ ಹಳೇ ಆ್ಯಂಟಿವೈರಸ್ ತೆಗೆದೆ. ಕಂಟ್ರೋಲ್ ಪ್ಯಾನೆಲ್ಲಿನಿಂದ ಅನ್‌ಇನ್‌ಸ್ಟಾಲ್ ಮಾಡಿದರೂ ಡ್ರೈವರ್ ಉಳಿದುಕೊಂಡಿತ್ತು, ಅದೇ ಕಂಪನಿಯ ರಿಮೂವಲ್ ಟೂಲನ್ನು ಅತ್ಯಗತ್ಯ ಭಾಗ ಮಾತ್ರ ಓಡೋ ಸೇಫ್ ಮೋಡಿನಲ್ಲಿ ಓಡಿಸಿದ ಮೇಲೆ ಪೂರ್ತಿ ಹೋಯಿತು. ಮೂರನೇ ಸ್ಕ್ಯಾನರನ್ನೂ ತೆಗೆದೆ, ಫ್ರೀ ಆ್ಯಂಟಿವೈರಸ್ ಒಂದನ್ನೇ ಉಳಿಸಿದೆ. ಇಂಟರ್ನೆಟ್ ಕೇಬಲ್ ಕಿತ್ತು ಸುತ್ತಿಟ್ಟೆ. ಇನ್ನು ಮೇಲೆ ಅದು ಅಪ್ಪನ ಲೆಕ್ಕಪತ್ರಕ್ಕೆ ಮಾತ್ರ. ಮೇಲ್, ಬ್ಯಾಂಕಿನ ಕೆಲಸ ನನ್ನ ಲ್ಯಾಪ್‌ಟಾಪಿನಲ್ಲಿ, ಯಾವ ಪೆನ್‌ಡ್ರೈವ್ ಬಂದರೂ ಮೊದಲು ಇಲ್ಲಿ ಸ್ಕ್ಯಾನ್ ಆಗಿಯೇ ಅಲ್ಲಿಗೆ ಹೋಗಬೇಕು.

ಸಂಜೆ ಅಪ್ಪ ಕೂತು ಲೆಕ್ಕದ ಫೈಲ್ ತೆರೆದರು. ಕೆಂಪು ದೀಪ ನಾಲ್ಕು ಸಲ ಮಿನುಗಿ ಆರಿತು. ಗಡಿಯಾರದ ಪಕ್ಕದ ಖಾಲಿ ಜಾಗವನ್ನೇ ನೋಡುತ್ತಾ, "ದುಡ್ಡು ಕೊಟ್ಟಿದ್ದೆನಲ್ಲೋ ಅದಕ್ಕೆ" ಅಂದರು.