ಸತ್ಯಾಂಶ: ಹೆಸರಿನ ಪಕ್ಕ ‘ಎಸ್‌ಪಿ.’ ಇದ್ದರೆ ಹೊಸ ಪ್ರಭೇದವೇ?

ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಪುಟ್ಟ ಕಪ್ಪೆಗಳ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತವೆ. ಕೆಳಗೆ ‘ರಾವೊರ್ಚೆಸ್ಟಿಸ್ ಎಸ್‌ಪಿ.’ ಎಂದಿದ್ದರೆ ಸಾಕು, ‘ವಿಜ್ಞಾನಿಗಳಿಗೇ ಗೊತ್ತಿಲ್ಲದ ಹೊಸ ಕಪ್ಪೆ!’ ಅಂತ ಯಾರೋ ಸೇರಿಸುತ್ತಾರೆ. ಹಾಗೇನಿಲ್ಲ.

ರಾವೊರ್ಚೆಸ್ಟಿಸ್ ಒಂದು ಕುಲದ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ, ಹೆಸರು. ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದ್ದ ಸಿ.ಆರ್. ನಾರಾಯಣ ರಾವ್ ಅವರ ಗೌರವಕ್ಕೆ 2010ರಲ್ಲಿ ಇಟ್ಟದ್ದು. ‘ಎಸ್‌ಪಿ.’ ಎಂಬುದು ‘ಸ್ಪೀಷೀಸ್’ (ಪ್ರಭೇದ) ಪದದ ಚಿಕ್ಕ ರೂಪ; ಅಂದರೆ ಕುಲ ಗೊತ್ತಾಗಿದೆ, ಪ್ರಭೇದ ಯಾವುದೆಂದು ತೀರ್ಮಾನವಾಗಿಲ್ಲ, ಅಷ್ಟೇ. ಈ ಕಪ್ಪೆಗಳಲ್ಲಿ ಬಣ್ಣ ನೋಡಿ ಹೇಳುವುದು ಕಷ್ಟ. ಒಂದೇ ಪ್ರಭೇದದಲ್ಲೂ ಮೈಬಣ್ಣ, ಗೆರೆ ಬೇರೆಬೇರೆ ಇರುತ್ತವೆ. ಗಂಡು ಕಪ್ಪೆಯ ಕೂಗು, ಡಿಎನ್‌ಎ ಎರಡೂ ಬೇಕಾಗಬಹುದು. ಫೋಟೊ ಕೂಗುವುದಿಲ್ಲ ಅಲ್ವಾ?

ಪ್ರಭೇದದ ಹೆಸರಿಗೆ ಮೊದಲು ಬರುವ ಇನ್ನೂ ಎರಡು ಗುರುತುಗಳಿವೆ. ‘ಸಿಎಫ್.’ ಇದ್ದರೆ ‘ಬಹುಶಃ ಇದೇ ಪ್ರಭೇದ, ಹೋಲಿಸಿ ನೋಡಬೇಕು’ ಎಂದು. ‘ಎಎಫ್‌ಎಫ್.’ ಇದ್ದರೆ ‘ಅದಕ್ಕೆ ಹತ್ತಿರದ್ದು, ಆದರೆ ಅದೇ ಅಲ್ಲ ಅನ್ನಿಸುತ್ತದೆ’ ಎಂದು. ಸುಮ್ನೆ ಒಂದು ಹೆಸರು ಅಂಟಿಸುವುದಕ್ಕಿಂತ ಇದು ಎಷ್ಟೋ ಪ್ರಾಮಾಣಿಕ.

ನಿಜವಾಗಿ ಹೊಸದಾದರೆ ‘ಎಸ್‌ಪಿ. ನೋವ್.’ ಎಂದು ಬರೆಯುತ್ತಾರೆ. ಅದಕ್ಕೆ ಆ ಹೆಸರಿಗೆ ಆಧಾರವಾಗುವ ಒಂದು ನಮೂನೆಯನ್ನು (ಟೈಪ್ ಸ್ಪೆಸಿಮೆನ್) ಗೊತ್ತುಮಾಡಿ, ಹಳೆಯ ಪ್ರಭೇದಗಳಿಗಿಂತ ಹೇಗೆ ಬೇರೆ ಎಂಬ ವಿವರವನ್ನು ಪ್ರಕಟಿಸಬೇಕು.