ಪಾತ್ರಕ್ಕೆ ಏಳು, ಕರ್ತೃವಿಗೆ ಎಂಟು

ರಷ್ಯದ ನ್ಯಾಯಾಂಗ ಸಚಿವಾಲಯದಷ್ಟು ಶ್ರದ್ಧೆಯಿಂದ ಸಮಕಾಲೀನ ಸಾಹಿತ್ಯದ ಬೆನ್ನು ಹತ್ತಿರುವ ಸಂಸ್ಥೆ ಈ ಭೂಮಿಯ ಮೇಲೆ ಇನ್ನೊಂದಿರಲಾರದು. ನಮ್ಮ ಅಕಾಡೆಮಿಗಳು ವರ್ಷಕ್ಕೊಮ್ಮೆ ಒಂದು ಪಟ್ಟಿ ಹೊರಡಿಸುವಷ್ಟರಲ್ಲಿ ಏದುಸಿರು ಬಿಡುತ್ತವೆ. ಆ ಸಚಿವಾಲಯವಾದರೋ ಹೆಚ್ಚುಕಡಿಮೆ ಪ್ರತಿ ಶುಕ್ರವಾರವೂ ‘ವಿದೇಶಿ ಏಜೆಂಟ’ರ, ಅಂದರೆ ಹೊರದೇಶದ ಪ್ರಭಾವಕ್ಕೊಳಗಾದವರೆಂದು ಸರ್ಕಾರ ಹಣೆಪಟ್ಟಿ ಹಚ್ಚಿದವರ, ಹೊಸ ಪಟ್ಟಿಯನ್ನು ತಪ್ಪದೆ ಪ್ರಕಟಿಸುತ್ತದೆ. ‘ಮೆಟ್ರೋ 2033’ ಕಾದಂಬರಿಯ ಕರ್ತೃ ದಿಮಿತ್ರಿ ಗ್ಲುಖೋವ್‌ಸ್ಕಿ ಅವರಿಗೆ ಈ ಬಿರುದು 2022ರ ಅಕ್ಟೋಬರಿನಲ್ಲಿ ಸಂದಿತು. ಅದಕ್ಕೂ ಮೊದಲೇ, ಜೂನ್ ತಿಂಗಳಲ್ಲಿ, ಪೊಲೀಸರು ಅವರನ್ನು ‘ಬೇಕಾಗಿದ್ದಾರೆ’ ಪಟ್ಟಿಗೆ ಸೇರಿಸಿದ್ದರು. 2023ರ ಆಗಸ್ಟಿನಲ್ಲಿ ಮಾಸ್ಕೋದ ನ್ಯಾಯಾಲಯವೊಂದು, ಉಕ್ರೇನ್ ಯುದ್ಧದಲ್ಲಿ ತೊಡಗಿದ ಸೈನ್ಯದ ಕುರಿತು ಸುಳ್ಳು ಹಬ್ಬಿಸಿದರೆಂದು, ಅವರಿಗೆ ಗೈರುಹಾಜರಿಯಲ್ಲೇ 8 ವರ್ಷಗಳ ಸೆರೆವಾಸ ವಿಧಿಸಿತು. ಲೇಖಕರು ಆ ವೇಳೆಗೆ ದೇಶದ ಹೊರಗಿದ್ದರು. ಹೀಗಾಗಿ ಎಂಟು ವರ್ಷಗಳು ಅವರ ಹೆಸರಿನಲ್ಲಿ ಕಾದಿರಿಸಲ್ಪಟ್ಟು ಖಾಲಿಯಾಗಿಯೇ ಉಳಿದಿವೆ.

ಇಂತಹ ಲೇಖಕರ ಪುಸ್ತಕಗಳನ್ನು ರಷ್ಯದ ಅಂಗಡಿಗಳಲ್ಲಿ ಮುಖಪುಟ ಕಾಣದ ಹಾಗೆ ಸುತ್ತಿ, ಮೇಲೆ 18+ ಎಂಬ ಮುದ್ರೆಯೊತ್ತಿ ಇಡುವುದು ರೂಢಿಯಾಯಿತು. ಕೈಗೆತ್ತಿಕೊಂಡ ಗ್ರಾಹಕನಿಗೆ ಒಳಗಿರುವುದು ಕಾದಂಬರಿಯೋ ಕಾಮಶಾಸ್ತ್ರವೋ ತಿಳಿಯದು. ಬಹುಶಃ ಎರಡನೆಯದೇ ಆಗಿದ್ದರೆ ಸರ್ಕಾರಕ್ಕೆ ಇಷ್ಟು ಮುಜುಗರವಾಗುತ್ತಿರಲಿಲ್ಲ. ಒಂದು ಕಾಲದಲ್ಲಿ ಇದೇ ಮಾಸ್ಕೋ ನಗರದ ಪ್ರಕಾಶನಗಳು ಕನ್ನಡದಲ್ಲಿಯೂ ಪುಸ್ತಕ ಅಚ್ಚು ಹಾಕಿಸಿ, ಗಟ್ಟಿ ರಟ್ಟು ಕಟ್ಟಿಸಿ, ನಮ್ಮ ಊರುಗಳ ಮೇಳಗಳಿಗೆ ಪುಡಿಗಾಸಿನ ಬೆಲೆಗೆ ಕಳುಹಿಸುತ್ತಿದ್ದವು. ತನ್ನ ಸಾಹಿತಿಗಳನ್ನು ದೂರದ ಕನ್ನಡಿಗರಿಗೆ ಓದಿಸಲು ಅಷ್ಟು ಉತ್ಸಾಹ ತೋರಿದ ನಗರ, ಈಗ ತನ್ನ ಸಾಹಿತಿಯನ್ನು ತನ್ನ ಓದುಗನಿಂದಲೇ ಮರೆಮಾಡುತ್ತಿದೆ.

ಆದರೂ ನನ್ನ ಆಕ್ಷೇಪಣೆ ಇರುವುದು ಶಿಕ್ಷೆಯ ಬಗ್ಗೆ ಅಲ್ಲ, ಓದಿನ ಬಗ್ಗೆ. ಗ್ಲುಖೋವ್‌ಸ್ಕಿ ತಮ್ಮ ಮೊದಲ ಕಾದಂಬರಿಯಾದ ‘ಮೆಟ್ರೋ 2033’ ಅನ್ನು 2002ರಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ಹರಿಯಬಿಟ್ಟರು, ಏಕೆಂದರೆ ಪ್ರಕಾಶಕರು ಒಲ್ಲೆ ಎಂದಿದ್ದರು. ಅದು ಅಚ್ಚಾದದ್ದು 2005ರಲ್ಲಿ. ಅಣುಯುದ್ಧದಲ್ಲಿ ನೆಲದ ಮೇಲಿನ ಲೋಕ ಸುಟ್ಟುಹೋದ ಮೇಲೆ, ಅಳಿದುಳಿದವರು ಮಾಸ್ಕೋ ಮೆಟ್ರೋದ ಸುರಂಗಗಳಲ್ಲಿ ಹಂದಿ ಸಾಕಿಕೊಂಡು, ಅಣಬೆಯ ಚಹಾ ಕುಡಿದುಕೊಂಡು, ಬಂದೂಕಿನ ತೋಟಾಗಳನ್ನೇ ನಾಣ್ಯವಾಗಿ ಚಲಾಯಿಸಿಕೊಂಡು ಬದುಕುವ ಕಥೆ ಅದು. ಒಂದೊಂದು ನಿಲ್ದಾಣವೂ ಒಂದೊಂದು ರಾಜ್ಯ: ವರ್ತುಲ ಮಾರ್ಗ ವ್ಯಾಪಾರಿಗಳದ್ದು, ಕೆಂಪು ಮಾರ್ಗ ಕಮ್ಯುನಿಸ್ಟರದ್ದು, ಪುಷ್ಕಿನ್‌ಸ್ಕಾಯ ಮತ್ತು ಅದರ ಅಕ್ಕಪಕ್ಕದ ಎರಡು ನಿಲ್ದಾಣಗಳು ನಾಜಿಗಳದ್ದು. ಪುಷ್ಕಿನ್‌ಸ್ಕಾಯದಿಂದ ಕ್ರೆಮ್ಲಿನ್ನಿಗೆ ನಡೆದೇ ಹೋಗಬಹುದು. ನಾಜಿಗಳನ್ನು ಹುಡುಕಿಕೊಂಡು ಕೀವ್ ನಗರದತ್ತ ಸೈನ್ಯವನ್ನೇ ಅಟ್ಟಿದ ಸರ್ಕಾರಕ್ಕೆ, ಅವರನ್ನು ತನ್ನ ಅರಮನೆಯ ಮಗ್ಗುಲಲ್ಲೇ ಕೂರಿಸಿದ್ದ ಈ ಪುಸ್ತಕ ಹದಿನೇಳು ವರ್ಷ ಅಂಗಡಿಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದರೂ ಕಣ್ಣಿಗೆ ಬೀಳಲಿಲ್ಲ.

2017ರ ‘ಟೆಕ್ಸ್ಟ್’ ಕಾದಂಬರಿಯದ್ದಂತೂ ಇನ್ನೂ ಚೋದ್ಯ. ಮಾದಕವಸ್ತು ನಿಗ್ರಹದ ಅಧಿಕಾರಿಯೊಬ್ಬ ಸಾಹಿತ್ಯದ ವಿದ್ಯಾರ್ಥಿಯೊಬ್ಬನ ಜೇಬಿಗೆ ತಾನೇ ಮಾಲು ತುರುಕಿ ಜೈಲಿಗೆ ಕಳುಹಿಸುತ್ತಾನೆ. ಹುಡುಗ 7 ವರ್ಷ ಕಳೆದು ಹೊರಬಂದು ಆ ಅಧಿಕಾರಿಯನ್ನು ಕೊಂದು, ಅವನ ಮೊಬೈಲ್ ಫೋನಿನೊಳಗಿನ ಬದುಕನ್ನು ತಾನೇ ಬದುಕತೊಡಗುತ್ತಾನೆ. ವ್ಯವಸ್ಥೆಯ ಮಾನ ಇದಕ್ಕಿಂತ ಹೆಚ್ಚು ಹರಾಜಾಗುವುದು ಕಷ್ಟ. ಅದು ಮಾಸ್ಕೋದಲ್ಲೇ ನಾಟಕವಾಯಿತು, 2019ರಲ್ಲಿ ಚಲನಚಿತ್ರವಾಯಿತು, ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಯಾವ ಸರ್ಕಾರಿ ವಕೀಲನಿಗೂ ನೋವಾಗಲಿಲ್ಲ. ನೋವಾದದ್ದು 2022ರಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಲೇಖಕರು ಯುದ್ಧ ನಿಲ್ಲಿಸಿ ಎಂದು ನಾಲ್ಕು ಸಾಲು ಬರೆದಾಗ. ಸಾವಿರಾರು ಪುಟ ಬರೆದರೂ ಅಲುಗಾಡದ ಪ್ರಭುತ್ವ ನಾಲ್ಕು ಸಾಲಿಗೆ ಎದೆ ಬಡಿದುಕೊಂಡಿತು ಎಂದಮೇಲೆ, ಕಾದಂಬರಿ ಎಂಬ ಪ್ರಕಾರದ ಸಾಮಾಜಿಕ ಪರಿಣಾಮದ ಕುರಿತು ನಾವು ನಡೆಸುವ ವಿಚಾರಸಂಕಿರಣಗಳನ್ನೆಲ್ಲ ಕೂಡಲೇ ರದ್ದುಪಡಿಸಿ ಊಟದ ಖರ್ಚನ್ನಾದರೂ ಉಳಿಸಬಹುದು. ಲೆಕ್ಕವೂ ಸ್ಪಷ್ಟವಾಗಿದೆ: ಪಾತ್ರಕ್ಕೆ ಏಳು, ಕರ್ತೃವಿಗೆ ಎಂಟು. ಆ ಒಂದು ವರ್ಷವನ್ನು ಗೌರವಧನವೆಂದು ಭಾವಿಸತಕ್ಕದ್ದು.

ಇಷ್ಟು ನಗಬಹುದು, ಏಕೆಂದರೆ ಗ್ಲುಖೋವ್‌ಸ್ಕಿ ಸಿಕ್ಕಿಲ್ಲ. ಸಿಕ್ಕವರ ಸಂಗತಿಯಲ್ಲಿ ನಗು ಹೊರಡುವುದಿಲ್ಲ. ಅಂಗಡಿಯ ಬೆಲೆಚೀಟಿಗಳ ಜಾಗದಲ್ಲಿ ಯುದ್ಧವಿರೋಧಿ ಚೀಟಿ ಇಟ್ಟದ್ದಕ್ಕೆ ಸಾಶಾ ಸ್ಕೋಚಿಲೆಂಕೊ ಎಂಬ ಕಲಾವಿದೆಗೆ 2023ರಲ್ಲಿ 7 ವರ್ಷ ವಿಧಿಸಿದರು. ಮರುವರ್ಷ ಕೈದಿಗಳ ವಿನಿಮಯದಲ್ಲಿ ಆಕೆ ಹೊರಬಂದದ್ದು ಅದೃಷ್ಟ. ಮಾಯಕೋವ್‌ಸ್ಕಿ ಎಂಬ ಕವಿಯ ಪ್ರತಿಮೆಯ ಎದುರು ಪದ್ಯ ಓದಿದ ಆರ್ತ್ಯೋಮ್ ಕಮಾರ್ದಿನ್‌ಗೆ 7 ವರ್ಷ. ಉಗ್ರರ ಅಂತರ್ಜಾಲದ ಬಲೆಗೆ ಬೀಳುವ ಹೆಣ್ಣುಮಕ್ಕಳ ಕುರಿತು ಎಚ್ಚರಿಸುವ ನಾಟಕ ಬರೆದ ಸ್ವೆತ್ಲಾನಾ ಪೆತ್ರಿಯ್ಚುಕ್ ಮತ್ತು ಅದನ್ನು ನಿರ್ದೇಶಿಸಿದ ಯೆವ್ಗೆನಿಯಾ ಬೆರ್ಕೋವಿಚ್ ಅವರಿಗೆ, ಭಯೋತ್ಪಾದನೆಯನ್ನು ಸಮರ್ಥಿಸಿದರೆಂದು ಹೇಳಿ, 2024ರಲ್ಲಿ ತಲಾ 6 ವರ್ಷ. ಅದೇ ನಾಟಕಕ್ಕೆ ಆ ತೀರ್ಪಿಗೂ ಎರಡು ವರ್ಷ ಹಿಂದೆ ಆ ದೇಶದ ಪ್ರತಿಷ್ಠಿತ ರಂಗಪ್ರಶಸ್ತಿ ದೊರೆತಿತ್ತು. ಇದರಲ್ಲಿ ವಿಡಂಬನೆಗೆ ಏನೂ ಉಳಿದಿಲ್ಲ; ಇದು ಬರೀ ಕ್ರೌರ್ಯ, ಅದೂ ಕಡತಕ್ಕೆ ಮೊಹರು ಹಾಕಿ, ಊಟದ ವಿರಾಮಕ್ಕೆ ಎದ್ದುಹೋಗುವವರ ಕ್ರೌರ್ಯ. ಮೆಟ್ರೋದಲ್ಲಿ ಬದುಕುಳಿಯುವ ಜನರನ್ನು ಲೋಕ ಕೊನೆಗೂ ನಿಜವಾಗಿ ಕಂಡಿತು, 2022ರ ಫೆಬ್ರುವರಿಯಲ್ಲಿ, ಕೀವ್‌ನ ನಿಲ್ದಾಣಗಳಲ್ಲಿ ಕಂಬಳಿ ಹಾಸಿಕೊಂಡು ಮಲಗಿದ್ದ ತಾಯಂದಿರು ಮತ್ತು ಮಕ್ಕಳ ರೂಪದಲ್ಲಿ. ಗ್ಲುಖೋವ್‌ಸ್ಕಿಯ ಕಾದಂಬರಿಯನ್ನು ವಿಡಿಯೋ ಆಟವಾಗಿ ಜಗತ್ತಿಗೆಲ್ಲ ಹಂಚಿದ ಕಂಪನಿ ಹುಟ್ಟಿದ್ದೂ ಆ ಊರಿನಲ್ಲೇ.

ಇನ್ನು ಮಾಸ್ಕೋ ಮೆಟ್ರೋದ ಕ್ಷೇಮಸಮಾಚಾರ. 2021ರಿಂದ ಅಲ್ಲಿ ಮುಖ ತೋರಿಸಿಯೇ ಟಿಕೆಟಿನ ಹಣ ಕಟ್ಟಬಹುದು. ಮುಖ ಗುರುತಿಸುವ ಕ್ಯಾಮೆರಾಗಳ ನೆರವಿನಿಂದ ಪ್ರತಿಭಟನಕಾರರನ್ನು ಗೇಟಿನಲ್ಲೇ ಹಿಡಿಯುವ ಸೌಲಭ್ಯವೂ ಇದೆ. 2025ರ ಮೇ ತಿಂಗಳಲ್ಲಿ ತಗಾನ್‌ಸ್ಕಾಯ ನಿಲ್ದಾಣದ ಗೋಡೆಗೆ ಸ್ಟಾಲಿನ್ನನ ಉಬ್ಬುಶಿಲ್ಪದ ಹೊಸ ಪ್ರತಿಯನ್ನು ಕೂರಿಸಿದರು. ಸುತ್ತ ಜನ, ಅವರ ಕೈಯಲ್ಲಿ ಹೂಗುಚ್ಛ, ನಡುವೆ ಮಹಾನಾಯಕ. ಮೂಲ ಶಿಲ್ಪವನ್ನು 1960ರ ದಶಕದಲ್ಲಿ ಕಿತ್ತು ಹಾಕಿದ್ದರು. ಸ್ಟಾಲಿನ್ನನಿಗೆ ಹೊದಿಕೆಯೂ ಇಲ್ಲ, 18+ ಮುದ್ರೆಯೂ ಇಲ್ಲ. ಎಲ್ಲ ವಯಸ್ಸಿನವರೂ ನೋಡಬಹುದು. ಅದೇ ತಿಂಗಳಿನಿಂದ ದೇಶದ ಹಲವು ಪ್ರದೇಶಗಳಲ್ಲಿ ಮೊಬೈಲ್ ಇಂಟರ್‌ನೆಟ್ ಅನ್ನು ಆಗಾಗ ಆರಿಸತೊಡಗಿದರು. ಎಲ್ಲವೂ ಜನರ ಸುರಕ್ಷತೆಗಾಗಿ.

ಸರಣಿಯ ಕೊನೆಯ ಪುಸ್ತಕ ‘ಮೆಟ್ರೋ 2035’ರಲ್ಲಿ ಇದೂ ಬಂದಿತ್ತು. ಹೊರಗಿನ ಲೋಕ ಸತ್ತಿಲ್ಲ. ಸುರಂಗವನ್ನು ತೆರೆಮರೆಯಿಂದ ಆಳುವವರು ರೇಡಿಯೋ ಸಂಕೇತಗಳು ಕೇಳದಂತೆ ಸದ್ದು ತುಂಬಿ, ನಾವಲ್ಲದೆ ಇನ್ನಾರೂ ಉಳಿದಿಲ್ಲ ಎಂದು ಜನರನ್ನು ನಂಬಿಸಿರುತ್ತಾರೆ. ನಾಯಕ ಆರ್ತ್ಯೋಮ್ ಈ ಗುಟ್ಟನ್ನು ಪತ್ತೆಹಚ್ಚಿ, ಓಡೋಡಿ ಬಂದು, ಮೇಲೆ ಬನ್ನಿ, ಲೋಕ ಇದೆ, ಗಾಳಿ ಇದೆ ಎಂದು ಕೂಗಿ ಹೇಳುತ್ತಾನೆ. ಜನ ನಂಬುವುದಿಲ್ಲ, ಹೊರಡುವುದೂ ಇಲ್ಲ; ಅವರಿಗೆ ತಮ್ಮ ನಿಲ್ದಾಣ ಸಾಕು, ತಮ್ಮ ಹಂದಿಗಳು ಸಾಕು. ಲೇಖಕರು ಬರೆದದ್ದರಲ್ಲೆಲ್ಲ ಹೆಚ್ಚು ಅವಮಾನಕರವಾದ ಮಾತು ಇದೇ ಎಂದು ನನ್ನ ಅಭಿಪ್ರಾಯ. ಸೈನ್ಯದ ಕುರಿತು ಸುಳ್ಳು ಹಬ್ಬಿಸಿದರೆಂದು ಅವರ ಮೇಲೆ ಮೊಕದ್ದಮೆ ಹೂಡಿದವರು ಈ ಭಾಗವನ್ನು ಮುಟ್ಟಲೇ ಇಲ್ಲ. ಮುಟ್ಟಿದ್ದರೂ ಪ್ರಯೋಜನವಿರಲಿಲ್ಲ, ಇಲ್ಲಿ ಮಾನಹಾನಿ ಆಗಿರುವುದು ಜನರದ್ದು, ಅದಕ್ಕೆ ಅಲ್ಲಿ ಯಾವ ಕಲಮೂ ಇಲ್ಲ.